ರಾನ್ಸಮ್‌ವೇರ್ ಬಿದ್ದ ಆಸ್ಪತ್ರೆ: ಕೀ ಸಿಕ್ಕಿದರೂ ಕೆಲಸ ಮುಗಿಯಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ ಮೇಲಿದ್ದವು. ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ಯಾರೋ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀ ಇಲ್ಲದೆ ಫೈಲ್ ತೆರೆಯಲಾಗದಂತೆ ಬೀಗ ಹಾಕಿ, ದುಡ್ಡು ಕೇಳಿದರೆ ಏನು ಮಾಡೋದು ಅಂತ. ಆ ಕೆಲಸ ಮಾಡುವ ಸಾಫ್ಟ್‌ವೇರೇ ರಾನ್ಸಮ್‌ವೇರ್. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಬಹುತೇಕ ಎಲ್ಲರೂ ಕೇಳಿಕೊಂಡಿದ್ದೀರಿ, ಹಾಕಿಲ್ಲ.

ಪ್ರಶ್ನೆ: ನಮ್ಮದು ಚಿಕ್ಕ ಆಸ್ಪತ್ರೆ, ಆಡಳಿತ ನೋಡಿಕೊಳ್ಳುವುದು ನಾನೇ. ಬೆಳಿಗ್ಗೆ ಬಂದು ನೋಡಿದಾಗ ಫೈಲ್‌ಗಳ ಹೆಸರೆಲ್ಲ ಬದಲಾಗಿ, ‘ದುಡ್ಡು ಕೊಡಿ’ ಅನ್ನುವ ಸಂದೇಶ ಪರದೆ ಮೇಲಿದ್ದರೆ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು?

ಉತ್ತರ: ಕೇಬಲ್ ಕೀಳಿ. ಕರೆಂಟಿನದಲ್ಲ, ನೆಟ್‌ವರ್ಕಿನದು. ವೈಫೈ ಆಫ್ ಮಾಡಿ. ಒಂದೊಂದೇ ಕಂಪ್ಯೂಟರ್ ಹುಡುಕಿಕೊಂಡು ಓಡಾಡುವುದಕ್ಕಿಂತ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ಡಬ್ಬದ ಹತ್ತಿರವೇ ಸಂಪರ್ಕ ಕಡಿದರೆ ಬೇಗ ಆಗುತ್ತದೆ. ಎಷ್ಟೋ ಕಡೆ ಗಾಬರಿಯಲ್ಲಿ ಎಲ್ಲವನ್ನೂ ಶಟ್‌ಡೌನ್ ಮಾಡಿಬಿಡುತ್ತಾರೆ. ಹಾಗೆ ಮಾಡಿದರೆ ಮೆಮೊರಿಯಲ್ಲಿದ್ದ ಸುಳಿವು ಹೋಗುತ್ತದೆ, ಆಮೇಲೆ ತನಿಖೆ ಮಾಡುವವರಿಗೆ ಕಳ್ಳರು ಎಲ್ಲಿಂದ ಒಳಗೆ ಬಂದರು ಅಂತ ಗೊತ್ತಾಗುವುದು ಕಷ್ಟ. ನೆಟ್‌ವರ್ಕಿಂದ ಬಿಡಿಸಲು ಯಾವ ದಾರಿಯೂ ಇಲ್ಲದಿದ್ದರೆ ಮಾತ್ರ ಪವರ್ ತೆಗೆಯಿರಿ.

ಬ್ಯಾಕಪ್ ಡಿಸ್ಕ್ ಯಾವುದಾದರೂ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇದ್ದರೆ ಅದನ್ನು ಆ ಕ್ಷಣವೇ ಬಿಡಿಸಿ ಪಕ್ಕಕ್ಕಿಡಿ. ಸರಿಯಾಗಿದೆಯಾ ನೋಡೋಣ ಅಂತ ಮತ್ತೆ ಅದೇ ಕಂಪ್ಯೂಟರಿಗೆ ಹಾಕಬೇಡಿ, ದಯವಿಟ್ಟು. ಪರದೆಯ ಫೋಟೋ ತೆಗೆದುಕೊಳ್ಳಿ. ಆ ಸಂದೇಶದ ಫೈಲ್ ಅಳಿಸಬೇಡಿ, ಯಾವ ಗುಂಪಿನ ಕೆಲಸ ಅಂತ ಗೊತ್ತಾಗುವುದು ಅದರಿಂದಲೇ. ಸೋಂಕು ತಗುಲಿದ ಕಂಪ್ಯೂಟರಿಗೆ ಅಡ್ಮಿನ್ ಪಾಸ್‌ವರ್ಡ್ ಹಾಕಿ ಲಾಗಿನ್ ಆಗಬೇಡಿ. ಕಳ್ಳರ ಸಾಫ್ಟ್‌ವೇರ್ ಕಾಯುತ್ತಿರುವುದೇ ಅಂಥ ಪಾಸ್‌ವರ್ಡಿಗೆ. ಇನ್ನೊಂದು, ಮುಂದೇನು ಮಾಡೋಣ ಅನ್ನುವ ಚರ್ಚೆ ಆಸ್ಪತ್ರೆಯ ಇಮೇಲ್‌ನಲ್ಲಿ ನಡೆಯಬಾರದು, ಏಕೆಂದರೆ ಅದನ್ನು ಅವರೂ ಓದುತ್ತಿರಬಹುದು. ಫೋನ್ ಮಾಡಿ, ಇಲ್ಲ ಎದುರಿಗೆ ಕೂತು ಮಾತಾಡಿ.

ಇಷ್ಟೆಲ್ಲ ನಡೆಯುವಾಗ ಇನ್ನೊಬ್ಬರು ವಾರ್ಡುಗಳಿಗೆ ಹೋಗಬೇಕು. ಐಸಿಯು ಮಾನಿಟರ್, ಇನ್‌ಫ್ಯೂಷನ್ ಪಂಪ್, ವೆಂಟಿಲೇಟರ್ ತಮ್ಮ ಪಾಡಿಗೆ ತಾವು ನಡೆಯುತ್ತಿವೆಯಾ, ನರ್ಸಿಂಗ್ ಸ್ಟೇಷನ್ನಿನ ಪರದೆ ಸತ್ತಿದ್ದರೆ ಹಾಸಿಗೆ ಪಕ್ಕ ಕೂತು ನೋಡಿಕೊಳ್ಳಲು ಜನ ಇದ್ದಾರಾ ಅಂತ ಖಚಿತ ಮಾಡಿಕೊಳ್ಳಬೇಕು. ಆಂಬುಲೆನ್ಸ್‌ಗಳನ್ನು ಬೇರೆಡೆ ಕಳಿಸಬೇಕಾ ಅನ್ನುವುದೂ ಮೊದಲ ಗಂಟೆಯದೇ ತೀರ್ಮಾನ, ಮತ್ತು ಅದನ್ನು ವೈದ್ಯರು ಮಾಡಬೇಕು, ಕಂಪ್ಯೂಟರ್ ವಿಭಾಗದವರಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಡ್ಯುಸೆಲ್ಡಾರ್ಫ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 30 ಸರ್ವರ್‌ಗಳು ಎನ್‌ಕ್ರಿಪ್ಟ್ ಆದಾಗ ತುರ್ತು ಚಿಕಿತ್ಸೆ ನಿಂತಿತು, ಒಬ್ಬ ಮಹಿಳೆಯನ್ನು ಸುಮಾರು 30 ಕಿಲೋಮೀಟರ್ ದೂರದ ವುಪ್ಪರ್ಟಾಲ್‌ಗೆ ಒಯ್ಯಬೇಕಾಯಿತು, ಆಕೆ ತೀರಿಕೊಂಡರು. ಸಾವಿಗೆ ದಾಳಿಯೇ ಕಾರಣ ಅಂತ ಸಾಬೀತು ಮಾಡಲು ಆಗುವುದಿಲ್ಲ ಎಂದು ಕೊನೆಗೆ ಆ ತನಿಖೆಯನ್ನು ಕೈಬಿಟ್ಟರು. ಅದು ಕಾನೂನಿನ ಮಾತು. ಆಂಬುಲೆನ್ಸ್ ಅಷ್ಟು ದೂರ ಹೋಗಬೇಕಾಗಿ ಬಂದದ್ದಂತೂ ನಿಜ.

ದೂರು ಕೊಡುವುದನ್ನು ಮುಂದೂಡಬೇಡಿ. ಭಾರತದಲ್ಲಿ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರಿಂದ ನಿಯಮ ಇದೆ. ಯುರೋಪಿನಲ್ಲಿ ವೈಯಕ್ತಿಕ ಮಾಹಿತಿಗೆ ಧಕ್ಕೆಯಾದರೆ 72 ಗಂಟೆ. ನೀವು ಎಲ್ಲಿದ್ದೀರೋ ಅಲ್ಲಿನ ನಂಬರ್ ಮತ್ತು ವಿಳಾಸವನ್ನು ಇವತ್ತೇ ಕಾಗದದ ಮೇಲೆ ಬರೆದಿಡಿ. ಕಂಪ್ಯೂಟರಿನಲ್ಲಿ ಬರೆದಿಟ್ಟರೆ ಆ ದಿನ ಅದನ್ನು ಓದಲು ಆಗುವುದಿಲ್ಲವಲ್ಲ.

ಪ್ರಶ್ನೆ: ದುಡ್ಡು ಕೊಟ್ಟು ಮುಗಿಸಿಬಿಡುವುದೇ ಲಾಭ ಅಲ್ವಾ? ಒಂದು ದಿನ ಆಸ್ಪತ್ರೆ ಮುಚ್ಚಿದರೆ ಆಗುವ ನಷ್ಟ ಅದಕ್ಕಿಂತ ಜಾಸ್ತಿ ಅಂತ ನಮ್ಮ ಟ್ರಸ್ಟಿಯೊಬ್ಬರು ವಾದ ಮಾಡುತ್ತಾರೆ.

ಉತ್ತರ: ನಿಮ್ಮ ಟ್ರಸ್ಟಿಯವರ ಲೆಕ್ಕದಲ್ಲಿ ಒಂದು ತಪ್ಪಿದೆ. ದುಡ್ಡು ಕೊಟ್ಟ ಮರುದಿನವೇ ಆಸ್ಪತ್ರೆ ಮೊದಲಿನಂತೆ ನಡೆಯುತ್ತದೆ ಅಂತ ಅವರು ಅಂದುಕೊಂಡಿದ್ದಾರೆ.

ಐರ್ಲೆಂಡಿನ ಕಥೆ ಹೇಳುತ್ತೇನೆ, ಯಾರಾದರೂ ಈ ವಾದ ತೆಗೆದಾಗಲೆಲ್ಲ ನಾನು ಇದನ್ನೇ ಹೇಳುವುದು. 2021ರ ಮೇ 14ರಂದು ಆ ದೇಶದ ಸರ್ಕಾರಿ ಆರೋಗ್ಯ ಸೇವೆಯ ಮೇಲೆ ಕಾಂಟಿ ಅನ್ನುವ ಗುಂಪಿನ ರಾನ್ಸಮ್‌ವೇರ್ ಬಿತ್ತು. ಇಡೀ ದೇಶದ ಆಸ್ಪತ್ರೆಗಳ ಕಂಪ್ಯೂಟರ್ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು. ಕೊಡುವುದಿಲ್ಲ ಅಂತ ಸರ್ಕಾರ ಪಟ್ಟು ಹಿಡಿಯಿತು. ಆರು ದಿನ ಬಿಟ್ಟು, ಮೇ 20ರಂದು, ಕಳ್ಳರೇ ಡಿಕ್ರಿಪ್ಷನ್ ಕೀಯನ್ನು ಬಿಟ್ಟಿಯಾಗಿ ಕೊಟ್ಟರು! ಹಾಗಾದರೆ ಮೇ 21ಕ್ಕೆ ಎಲ್ಲ ಸರಿಹೋಗಬೇಕಿತ್ತು, ಅಲ್ವಾ? ಅಪ್ಲಿಕೇಶನ್‌ಗಳಲ್ಲಿ ನೂರಕ್ಕೆ 99ರಷ್ಟು ವಾಪಸ್ ಬರುವ ಹೊತ್ತಿಗೆ ಸೆಪ್ಟೆಂಬರ್ 21 ಆಗಿತ್ತು. ಕೀ ಕೈಯಲ್ಲಿದ್ದೂ ನಾಲ್ಕು ತಿಂಗಳು. ಏಕೆಂದರೆ ಕೀ ಫೈಲನ್ನು ತೆರೆಯುತ್ತದೆ, ಅಷ್ಟೇ. ಕಳ್ಳರು ಆ ಕಂಪ್ಯೂಟರಿನಲ್ಲಿ ಇನ್ನೂ ಕೂತಿದ್ದಾರಾ, ಅವರು ಬಿಟ್ಟುಹೋದ ಹಿಂಬಾಗಿಲು ಎಲ್ಲಿದೆ, ಯಾವ ಪಾಸ್‌ವರ್ಡ್ ಅವರ ಹತ್ತಿರ ಇದೆ, ಇದ್ಯಾವುದನ್ನೂ ಅದು ಹೇಳುವುದಿಲ್ಲ. ಒಂದೊಂದು ಸರ್ವರನ್ನೂ ತೆರೆದು, ತೊಳೆದು, ಪರೀಕ್ಷಿಸಿ, ಆಮೇಲೇ ನೆಟ್‌ವರ್ಕಿಗೆ ಸೇರಿಸಬೇಕು. ದುಡ್ಡು ಕೊಟ್ಟವರಿಗೂ ಈ ಕೆಲಸ ತಪ್ಪಿದ್ದಲ್ಲ.

ಇನ್ನು ಕದ್ದ ಮಾಹಿತಿ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಚೇಂಜ್ ಹೆಲ್ತ್‌ಕೇರ್ ಮೇಲೆ ದಾಳಿಯಾಯಿತು. ಆಸ್ಪತ್ರೆ, ಔಷಧ ಅಂಗಡಿಗಳ ವಿಮೆಯ ಬಿಲ್ಲುಗಳನ್ನು ದೇಶದಾದ್ಯಂತ ನಿಭಾಯಿಸುವ ಕಂಪನಿ ಅದು. 2.2 ಕೋಟಿ ಡಾಲರ್ ಕೊಟ್ಟರು. ರಾನ್ಸಮ್‌ವೇರ್ ಒದಗಿಸಿದ್ದ ಮುಖ್ಯ ಗುಂಪು ದುಡ್ಡನ್ನೆಲ್ಲ ತಾನೇ ನುಂಗಿ ಮಾಯವಾಯಿತು. ಡೇಟಾ ಕದ್ದ ಪಾಲುದಾರ ಕೈಖಾಲಿಯಾಗಿ ಉಳಿದ. ಸ್ವಲ್ಪ ದಿನಕ್ಕೆ ಇನ್ನೊಂದು ಗುಂಪು ಅದೇ ಡೇಟಾ ನಮ್ಮ ಹತ್ತಿರ ಇದೆ ಅಂತ ಮತ್ತೆ ದುಡ್ಡು ಕೇಳಿತು. ಕದ್ದ ಮಾಲನ್ನು ಅಳಿಸಿದ್ದೇವೆ ಅನ್ನುವ ಕಳ್ಳನ ಮಾತಿಗೆ ರಸೀದಿ ಎಲ್ಲಿಂದ ತರುತ್ತೀರಿ?

ಹಾಗಂತ ದುಡ್ಡು ಕೊಟ್ಟ ಆಸ್ಪತ್ರೆಗಳನ್ನೆಲ್ಲ ಬೈಯಲು ನನಗೆ ಮನಸ್ಸಿಲ್ಲ. ಬ್ಯಾಕಪ್ಪೂ ಹೋಗಿ, ರೋಗಿಗಳ ಜೀವದ ಪ್ರಶ್ನೆ ಬಂದಾಗ ಕೊಟ್ಟವರಿದ್ದಾರೆ. ಲಾಸ್ ಏಂಜಲಿಸ್‌ನ ಹಾಲಿವುಡ್ ಪ್ರೆಸ್ಬಿಟೇರಿಯನ್ ಆಸ್ಪತ್ರೆ 2016ರಲ್ಲಿ 40 ಬಿಟ್‌ಕಾಯಿನ್ ಕೊಟ್ಟಿತು, ಆಗಿನ ಬೆಲೆಯಲ್ಲಿ ಸುಮಾರು 17 ಸಾವಿರ ಡಾಲರ್. ಎಂಟೇ ವರ್ಷದಲ್ಲಿ ಬೇಡಿಕೆ ಕೋಟಿಗಳಿಗೆ ಏರಿದ್ದರಲ್ಲಿ ಕೊಟ್ಟವರ ಪಾಲೂ ಇದೆ ಅಂತ ಮಾತ್ರ ಹೇಳುತ್ತೇನೆ. ಕೊಡುವ ಯೋಚನೆ ಇದ್ದರೂ ಪೊಲೀಸರಿಗೆ ಮತ್ತು ವಕೀಲರಿಗೆ ತಿಳಿಸದೆ ಕೊಡಬೇಡಿ. ನಿಷೇಧಿತ ಗುಂಪಿಗೆ ದುಡ್ಡು ಹೋದರೆ ಅದೇ ಇನ್ನೊಂದು ಕೇಸಾಗಬಹುದು.

ಪ್ರಶ್ನೆ: ನಾವು ಪ್ರತಿ ರಾತ್ರಿ ಬ್ಯಾಕಪ್ ತೆಗೆಯುತ್ತೇವೆ. ಸರ್ವರ್ ಪಕ್ಕದಲ್ಲೇ ಒಂದು ನ್ಯಾಸ್ ಡಬ್ಬ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಇದೆ, ಅದು ಝಡ್ ಡ್ರೈವ್ ಅಂತ ಕಾಣುತ್ತದೆ. ಅಷ್ಟು ಸಾಕಲ್ಲ? (ಲ್ಯಾಬ್‌ನಲ್ಲಿದ್ದೇನೆ, ಕಂಪ್ಯೂಟರ್ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದಾರೆ.)

ಉತ್ತರ: ಸಾಲದು. ನಿಮಗೆ ಝಡ್ ಡ್ರೈವ್ ಕಾಣುತ್ತದೆ ಅಂದರೆ ರಾನ್ಸಮ್‌ವೇರಿಗೂ ಕಾಣುತ್ತದೆ. ಈಗಿನ ಗುಂಪುಗಳು ಒಳಗೆ ಬಂದ ಮೇಲೆ ಮೊದಲು ಹುಡುಕುವ ವಸ್ತುಗಳಲ್ಲಿ ಬ್ಯಾಕಪ್ ಒಂದು. ವಿಂಡೋಸ್ ತಾನಾಗಿ ಇಟ್ಟುಕೊಳ್ಳುವ ಶ್ಯಾಡೋ ಕಾಪಿಗಳನ್ನು ಅಳಿಸುತ್ತಾರೆ, ಬ್ಯಾಕಪ್ ಸರ್ವರಿನ ಪಾಸ್‌ವರ್ಡ್ ಕದಿಯುತ್ತಾರೆ, ಆಮೇಲೇ ಎನ್‌ಕ್ರಿಪ್ಟ್ ಮಾಡುವ ಗುಂಡಿ ಒತ್ತುವುದು.

ಮೂರು ಪ್ರತಿ, ಎರಡು ಬೇರೆ ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಅನ್ನುವ ಹಳೇ ಸೂತ್ರ ನೀವು ಕೇಳಿರುತ್ತೀರಿ. ಅದಕ್ಕೆ ಈಗ ಇನ್ನೊಂದು ಸೇರಿಸಬೇಕು: ಒಂದು ಪ್ರತಿ ಯಾವ ತಂತಿಗೂ ಅಂಟಿಕೊಂಡಿರಬಾರದು. ಎರಡು ಹೊರಗಿನ ಹಾರ್ಡ್‌ಡಿಸ್ಕ್ ತಂದು ಸರದಿ ಪ್ರಕಾರ ಒಂದನ್ನು ಬಿಡಿಸಿ ಬೀರುವಿನಲ್ಲಿಟ್ಟರೂ ನಡೆಯುತ್ತದೆ. ದೊಡ್ಡವರು ಟೇಪ್ ಇಡುತ್ತಾರೆ, ಇಲ್ಲವೇ ಇಂತಿಷ್ಟು ದಿನ ಯಾರೂ, ಅಡ್ಮಿನ್ ಕೂಡ, ಅಳಿಸಲಾಗದಂಥ ಕ್ಲೌಡ್ ಸ್ಟೋರೇಜ್ ತೆಗೆದುಕೊಳ್ಳುತ್ತಾರೆ. ಬ್ಯಾಕಪ್ ವ್ಯವಸ್ಥೆಯ ಪಾಸ್‌ವರ್ಡ್ ಮಿಕ್ಕಿದ್ದಕ್ಕೆಲ್ಲ ಬಳಸುವ ಅಡ್ಮಿನ್ ಪಾಸ್‌ವರ್ಡ್ ಆಗಿರಬಾರದು. ದೆಹಲಿಯ ಏಮ್ಸ್‌ನಲ್ಲಿ 2022ರ ನವೆಂಬರ್ 23ರಂದು ಐದು ಸರ್ವರ್‌ಗಳಲ್ಲಿ ಸುಮಾರು 1.3 ಟೆರಾಬೈಟ್ ಡೇಟಾ ಎನ್‌ಕ್ರಿಪ್ಟ್ ಆಗಿ, ಅಷ್ಟು ದೊಡ್ಡ ಸಂಸ್ಥೆ ಕಾಗದ ಪೆನ್ನಿಗೆ ಇಳಿಯಬೇಕಾಯಿತು. ಅವರನ್ನು ಉಳಿಸಿದ್ದು ದಾಳಿ ತಗುಲದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್. ಅದರಿಂದ ಇ-ಹಾಸ್ಪಿಟಲ್ ಅನ್ನುವ ಆಸ್ಪತ್ರೆ ಸಾಫ್ಟ್‌ವೇರಿನ ಡೇಟಾ ತೆಗೆದು ಹೊಸ ಸರ್ವರ್‌ಗಳಿಗೆ ಹಾಕಿದರು. ಆಗಲೂ ನೋಂದಣಿ, ದಾಖಲಾತಿ, ಡಿಸ್ಚಾರ್ಜ್ ಇವೆಲ್ಲ ಹಳಿಗೆ ಬರಲು ಎರಡು ವಾರ ಬೇಕಾಯಿತು.

ನಿಮಗೆ ಒಂದು ಪ್ರಶ್ನೆ. ಆ ನ್ಯಾಸ್ ಡಬ್ಬದಿಂದ ಯಾವತ್ತಾದರೂ ಡೇಟಾ ವಾಪಸ್ ತೆಗೆದು ನೋಡಿದ್ದೀರಾ? ಬೇರೊಂದು ಖಾಲಿ ಕಂಪ್ಯೂಟರಿನಲ್ಲಿ ಲ್ಯಾಬ್ ಡೇಟಾಬೇಸ್ ತೆರೆದು, ಹೋದ ವಾರದ ರಿಪೋರ್ಟ್ ಕಾಣುತ್ತಾ, ಪೂರ್ತಿ ತೆರೆಯಲು ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ಹಿಡಿದು ನೋಡಿ. ಆ ಸಮಯವನ್ನು ಬರೆದು ಆಡಳಿತದವರಿಗೆ ಕೊಡಿ. ಬ್ಯಾಕಪ್ ಇದೆ ಅಂತ ನಿಶ್ಚಿಂತೆಯಾಗಿರುವವರಿಗೆ, ಅದನ್ನು ವಾಪಸ್ ಹಾಕಲು ದಿನಗಟ್ಟಲೆ ಬೇಕು ಅಂತ ಗೊತ್ತಾಗುವುದು ಸಾಮಾನ್ಯವಾಗಿ ದಾಳಿ ಆದ ಮೇಲೆಯೇ.

ಪ್ರಶ್ನೆ: ಬ್ಯಾಕಪ್ ಚೆನ್ನಾಗಿದೆ ಅಂತಲೇ ಇಟ್ಟುಕೊಳ್ಳಿ. ಯಾವುದನ್ನು ಮೊದಲು ತರಬೇಕು? ನಮ್ಮಲ್ಲಿ ಬಿಲ್ಲಿಂಗ್ ಮೊದಲು ಅನ್ನುತ್ತಾರೆ. ನಾನು ವೈದ್ಯೆ, ನನಗೆ ಲ್ಯಾಬ್ ಬೇಕು.

ಉತ್ತರ: ಡಾಕ್ಟರೇ, ನಿಮ್ಮಿಬ್ಬರಿಗಿಂತ ಮೊದಲು ಬರಬೇಕಾದದ್ದು ಇನ್ನೊಂದಿದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರು ಲಾಗಿನ್ ಆಗಬಹುದು ಅಂತ ತೀರ್ಮಾನಿಸುವ ಸರ್ವರ್, ಅಂದರೆ ಹೆಚ್ಚಿನ ಕಡೆ ಆಕ್ಟಿವ್ ಡೈರೆಕ್ಟರಿ. ಕಳ್ಳರು ಹಿಡಿತ ಸಾಧಿಸುವುದೇ ಅಲ್ಲಿ. ಅದನ್ನು ಶುದ್ಧ ಮಾಡದೆ ಮೇಲೆ ಏನು ಕಟ್ಟಿದರೂ ಮತ್ತೆ ಬೀಳುತ್ತದೆ. ಎಲ್ಲರ ಪಾಸ್‌ವರ್ಡ್ ಬದಲಾಗಬೇಕು. ನಿಮ್ಮ ಕಂಪ್ಯೂಟರ್ ವಿಭಾಗದವರಿಗೆ ಒಂದು ಮಾತು ದಾಟಿಸಿ: ಲಾಗಿನ್ ಟಿಕೆಟ್‌ಗಳಿಗೆ ಮುದ್ರೆ ಒತ್ತುವ ಕೆಆರ್‌ಬಿಟಿಜಿಟಿ (krbtgt) ಅಕೌಂಟಿನ ಪಾಸ್‌ವರ್ಡನ್ನು ಎರಡು ಸಲ ಬದಲಾಯಿಸಬೇಕು, ನಡುವೆ ಲಾಗಿನ್ ನೋಡಿಕೊಳ್ಳುವ ಎಲ್ಲ ಡೊಮೇನ್ ಕಂಟ್ರೋಲರ್ ಸರ್ವರ್‌ಗಳಿಗೂ ಅದು ತಲುಪಲು ಸಮಯ ಬಿಟ್ಟು. ಹಿಂದಿನ ಪಾಸ್‌ವರ್ಡೂ ಸಿಸ್ಟಮ್ಮಿನ ನೆನಪಿನಲ್ಲಿ ಇರುವುದರಿಂದ ಒಂದೇ ಸಲ ಬದಲಾಯಿಸಿದರೆ ಕಳ್ಳರ ನಕಲಿ ಟಿಕೆಟ್ ಇನ್ನೂ ನಡೆಯುತ್ತದೆ.

ಇನ್ನೊಂದು ಸೂಕ್ಷ್ಮ. ಹಳೇ ಬ್ಯಾಕಪ್ಪಿನಿಂದ ಇಡೀ ಸರ್ವರನ್ನು ಹಾಗೇ ಎತ್ತಿ ಕೂರಿಸಬೇಡಿ. ಐರ್ಲೆಂಡಿನಲ್ಲಿ ಕಳ್ಳರು ಎನ್‌ಕ್ರಿಪ್ಟ್ ಮಾಡುವ ಮೊದಲು ಎಂಟು ವಾರ ಒಳಗಿದ್ದರು. ಅಂದರೆ ಹಿಂದಿನ ತಿಂಗಳ ಬ್ಯಾಕಪ್ಪಿನಲ್ಲೂ ಅವರು ಇರುತ್ತಾರೆ! ಆಪರೇಟಿಂಗ್ ಸಿಸ್ಟಮ್, ಸಾಫ್ಟ್‌ವೇರ್ ಹೊಸದಾಗಿ ಹಾಕಿ, ಡೇಟಾ ಮಾತ್ರ ಬ್ಯಾಕಪ್ಪಿನಿಂದ ತನ್ನಿ, ಅದನ್ನೂ ಬೇರೆ ನೆಟ್‌ವರ್ಕಿನಲ್ಲಿಟ್ಟು ಪರೀಕ್ಷಿಸಿದ ಮೇಲೆ.

ಆಮೇಲೆ ರೋಗಿಗಳ ನೋಂದಣಿ. ಅದಿಲ್ಲದೆ ಲ್ಯಾಬ್ ರಿಪೋರ್ಟ್ ಯಾರದು ಅಂತ ತಿಳಿಯಲ್ಲ. ನಂತರ ಲ್ಯಾಬ್, ರಕ್ತನಿಧಿ, ಫಾರ್ಮಸಿ. ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳ ಪ್ಯಾಕ್ಸ್ ದೊಡ್ಡದು, ತಡವಾಗುತ್ತದೆ, ಅಲ್ಲಿಯವರೆಗೆ ಯಂತ್ರದ ಪರದೆಯಲ್ಲೇ ನೋಡಬೇಕು. ಬಿಲ್ಲಿಂಗ್ ಕಾಯಲಿ. ಈ ಪಟ್ಟಿಗೆ ಶಾಂತವಾಗಿರುವ ದಿನವೇ ಎಲ್ಲರ ಸಹಿ ಹಾಕಿಸಿಕೊಳ್ಳಿ, ದಾಳಿಯ ದಿನ ಜಗಳವಾಡಿದರೆ ಗೆಲ್ಲುವುದು ಜೋರಾಗಿ ಕೂಗುವವರು.

ರಕ್ತನಿಧಿಯನ್ನು ಅಷ್ಟು ಮೇಲೆ ಹಾಕಿದ್ದಕ್ಕೆ ಕಾರಣ ಇದೆ. 2024ರ ಜೂನ್ 3ರಂದು ಲಂಡನ್ನಿನ ಕೆಲವು ದೊಡ್ಡ ಆಸ್ಪತ್ರೆಗಳಿಗೆ ರಕ್ತಪರೀಕ್ಷೆ ಮಾಡಿಕೊಡುವ ಸಿನೋವಿಸ್ ಎಂಬ ಸಂಸ್ಥೆಯ ಮೇಲೆ ದಾಳಿ ಆಯಿತು. ರಕ್ತದ ಗುಂಪು ಹೊಂದಿಸುವ ಕೆಲಸ ಮಾಮೂಲಿ ವೇಗದಲ್ಲಿ ಆಗದೆ, ಹೆಚ್ಚಿನವರಿಗೆ ಕೊಡಬಹುದಾದ ಓ ಗುಂಪಿನ ರಕ್ತಕ್ಕೆ ಅಭಾವವಾಗಿ, ದಾನಿಗಳು ಬನ್ನಿ ಅಂತ ಸಾರ್ವಜನಿಕವಾಗಿ ಕೇಳಬೇಕಾಯಿತು. 10 ಸಾವಿರಕ್ಕೂ ಹೆಚ್ಚು ಹೊರರೋಗಿಗಳ ಭೇಟಿ ಮುಂದಕ್ಕೆ ಹೋಯಿತು. ದಾಳಿ ಆಗಿದ್ದು ಆಸ್ಪತ್ರೆಗಳ ಮೇಲಲ್ಲ, ಅವರ ಲ್ಯಾಬ್ ನಡೆಸುವವರ ಮೇಲೆ. ನಿಮ್ಮ ಲ್ಯಾಬ್ ಕೆಲಸ ಹೊರಗಿನವರ ಕೈಯಲ್ಲಿದ್ದರೆ ಅವರ ಬ್ಯಾಕಪ್ ಹೇಗಿದೆ ಅಂತಲೂ ಕೇಳಿ.

ಕಾಗದದ ದಿನಗಳ ಬಗ್ಗೆ ಒಂದೆರಡು ಮಾತು. ತಾತ್ಕಾಲಿಕ ನೋಂದಣಿ ಸಂಖ್ಯೆಗಳ ಒಂದು ಕಟ್ಟು ಮೊದಲೇ ಮುದ್ರಿಸಿಡಿ, ಕಂಪ್ಯೂಟರಿನ ಸಂಖ್ಯೆಗಳ ಜತೆ ಬೆರೆಯದಂಥ ಸರಣಿಯಲ್ಲಿ. ಅಲರ್ಜಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಪ್ರತಿ ರೋಗಿಯನ್ನೂ ಮತ್ತೆ ಕೇಳಿ ಬರೆಯಬೇಕು. ಕಂಪ್ಯೂಟರ್ ಬಂದ ಮೇಲೆ ಆ ಕಾಗದವನ್ನೆಲ್ಲ ಯಾರು ಒಳಗೆ ಹಾಕುವುದು ಅನ್ನುವುದೇ ದೊಡ್ಡ ತಲೆನೋವು. ಎಲ್ಲ ಹಾಕಲು ಹೋಗಬೇಡಿ, ಔಷಧ, ಅಲರ್ಜಿ, ರಕ್ತ ಕೊಟ್ಟ ವಿವರ, ಆಪರೇಷನ್ ಟಿಪ್ಪಣಿ ಮೊದಲು. ಉಳಿದದ್ದನ್ನು ಸ್ಕ್ಯಾನ್ ಮಾಡಿ ಲಗತ್ತಿಸಿದರೂ ಸಾಕು.

ಪ್ರಶ್ನೆ: ನಮ್ಮಂಥ ಇಪ್ಪತ್ತು ಹಾಸಿಗೆಯ ಆಸ್ಪತ್ರೆ ಮೇಲೆ ಯಾರು ಕಣ್ಣು ಹಾಕುತ್ತಾರೆ ಸಾರ್? ಸುಮ್ನೆ ಹೆದರಿಸುತ್ತೀರಿ.

ಉತ್ತರ: ಕಣ್ಣು ಹಾಕಬೇಕಾಗಿಲ್ಲ. 2017ರ ಮೇ 12ರಂದು ಹರಡಿದ ವಾನಾಕ್ರೈ ಎಂಬ ರಾನ್ಸಮ್‌ವೇರ್ ಯಾರನ್ನೂ ಆರಿಸಿರಲಿಲ್ಲ, ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಹಾಕದ ವಿಂಡೋಸ್ ಸಿಕ್ಕಿದಲ್ಲೆಲ್ಲ ತಾನೇ ನುಗ್ಗಿತು, ಇಂಗ್ಲೆಂಡಿನಲ್ಲಿ ಸುಮಾರು 600 ಸಣ್ಣ ಕ್ಲಿನಿಕ್‌ಗಳಿಗೂ ತಗುಲಿತು. ಡ್ಯುಸೆಲ್ಡಾರ್ಫ್‌ನಲ್ಲಂತೂ ಕಳ್ಳರ ಪತ್ರ ಇದ್ದದ್ದು ವಿಶ್ವವಿದ್ಯಾಲಯದ ಹೆಸರಿಗೆ. ಇದು ಆಸ್ಪತ್ರೆ ಮಾರಾಯರೇ ಅಂತ ಪೊಲೀಸರು ಹೇಳಿದ ಮೇಲೆ ಕೀ ಕೊಟ್ಟು ಮಾಯವಾದರು.

ಪ್ರಶ್ನೆ: ನಮ್ಮ ಸ್ಕ್ಯಾನಿಂಗ್ ಯಂತ್ರದಲ್ಲಿ ಹಳೇ ವಿಂಡೋಸ್ ಇದೆ. ಅಪ್‌ಡೇಟ್ ಮಾಡಿದರೆ ವಾರಂಟಿ ಇಲ್ಲ ಅನ್ನುತ್ತಾರೆ ಕಂಪನಿಯವರು. ಏನು ಮಾಡಲಿ?

ಉತ್ತರ: ಎಲ್ಲ ಕಡೆಯ ಗೋಳು ಇದು. ಯಂತ್ರವನ್ನು ಮುಟ್ಟಲಾಗದಿದ್ದರೆ ಅದರ ಸುತ್ತ ಗೋಡೆ ಕಟ್ಟಬೇಕು. ಅದಕ್ಕೆ ಪ್ರತ್ಯೇಕ ವಿಲ್ಯಾನ್ (ನೆಟ್‌ವರ್ಕಿನೊಳಗೇ ಬೇರೆ ಮಾಡಿದ ಭಾಗ) ಕೊಡಿ, ಅದು ಪ್ಯಾಕ್ಸ್ ಸರ್ವರಿನ ಜತೆ ಮಾತ್ರ, ಬೇಕಾದ ಪೋರ್ಟಿನಲ್ಲಿ (ನೆಟ್‌ವರ್ಕಿನ ನಂಬರು ಹಾಕಿದ ಬಾಗಿಲು) ಮಾತ್ರ ಮಾತಾಡಲಿ. ಇಂಟರ್‌ನೆಟ್ ಬೇಡ. 445ನೇ ಪೋರ್ಟ್ ಮುಚ್ಚಿ, ವಾನಾಕ್ರೈ ಹರಡಿದ್ದು ಅದರ ಮೂಲಕವೇ. ಕಂಪನಿಯ ಇಂಜಿನಿಯರ್ ದೂರದಿಂದ ಲಾಗಿನ್ ಆಗುವ ದಾರಿಯನ್ನು ಅವರು ಕೇಳಿದಾಗ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚಿ. ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ ಅನ್ನುವುದೇ ಏಮ್ಸ್ ದಾಳಿಗೆ ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಕಾರಣ.

ಆದರೆ ಹಳೇ ಯಂತ್ರವನ್ನೇ ದೂರಿಕೊಂಡು ಕೂರಬೇಡಿ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ವಾನಾಕ್ರೈ ತಗುಲಿದ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಇದ್ದದ್ದು ಮೈಕ್ರೋಸಾಫ್ಟ್ ಆಗಿನ್ನೂ ನೋಡಿಕೊಳ್ಳುತ್ತಿದ್ದ ವಿಂಡೋಸ್ 7. ಪ್ಯಾಚ್ ಎರಡು ತಿಂಗಳು ಮೊದಲೇ ಬಂದಿತ್ತು. ಹಾಕಿರಲಿಲ್ಲ, ಅಷ್ಟೇ. ಚೇಂಜ್ ಹೆಲ್ತ್‌ಕೇರ್‌ನಲ್ಲಿ ಕಳ್ಳರು ಬಂದದ್ದು ಪಾಸ್‌ವರ್ಡ್ ಒಂದೇ ಸಾಕಾಗಿದ್ದ, ಎರಡನೇ ಹಂತದ ಪರಿಶೀಲನೆ ಇಲ್ಲದ ಒಂದು ರಿಮೋಟ್ ಲಾಗಿನ್ ಪುಟದಿಂದ.

ಪ್ರಶ್ನೆ: ನಾನು ರೋಗಿ. ಚಿಕಿತ್ಸೆ ಪಡೆದ ಕಡೆ ಡೇಟಾ ಕಳವಾಗಿದೆ ಅಂತ ಪತ್ರ ಬಂದಿದೆ. ನಾನೇನು ಮಾಡಬಹುದು?

ಉತ್ತರ: ಕಳವಾದದ್ದನ್ನು ವಾಪಸ್ ತರಲು ನಿಮ್ಮಿಂದ ಆಗುವುದಿಲ್ಲ. ಯಾವ ಯಾವ ಮಾಹಿತಿ ಹೋಗಿದೆ ಅಂತ ಲಿಖಿತವಾಗಿ ಕೇಳಿ. ನಿಮ್ಮ ಕಾಯಿಲೆ, ಡಾಕ್ಟರ ಹೆಸರು, ದಾಖಲಾದ ದಿನಾಂಕ ಸರಿಯಾಗಿ ಹೇಳಿಕೊಂಡು ಯಾರಾದರೂ ಫೋನ್ ಮಾಡಿ ದುಡ್ಡೋ ಒಟಿಪಿಯೋ ಕೇಳಿದರೆ, ಇಷ್ಟೆಲ್ಲ ಗೊತ್ತಿದೆ ಅಂದರೆ ಆಸ್ಪತ್ರೆಯವರೇ ಇರಬೇಕು ಅಂತ ನಂಬಬೇಡಿ. ಬಂದ ನಂಬರಿಗಲ್ಲ, ಆಸ್ಪತ್ರೆಯ ಮಾಮೂಲಿ ನಂಬರಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ಬೆದರಿಕೆ ಬಂದರೆ ಉತ್ತರ ಕೊಡದೆ, ಸಂದೇಶ ಉಳಿಸಿಕೊಂಡು ಪೊಲೀಸರಿಗೆ ಕೊಡಿ. ಫಿನ್ಲೆಂಡಿನ ವಸ್ತಾಮೊ ಎಂಬ ಮಾನಸಿಕ ಚಿಕಿತ್ಸಾ ಸಂಸ್ಥೆಯ ಪ್ರಕರಣದಲ್ಲಿ 2020ರಲ್ಲಿ ಹಾಗೇ ಆಯಿತು. ಸಂಸ್ಥೆ ಕೊಡದಿದ್ದಾಗ ಕಳ್ಳ ರೋಗಿಗಳಿಗೇ ನೇರವಾಗಿ ಬರೆದು 200 ಯೂರೋ ಕೇಳಿದ. ಸಾವಿರಾರು ಜನ ಪೊಲೀಸರಲ್ಲಿ ದೂರು ಕೊಟ್ಟರು, 2024ರಲ್ಲಿ ಅಪರಾಧಿಗೆ ಆರು ವರ್ಷಕ್ಕೂ ಮೀರಿದ ಜೈಲು ಶಿಕ್ಷೆ ಆಯಿತು.

ಪ್ರಶ್ನೆ: ನಮ್ಮ ಸ್ವಾಗತ ವಿಭಾಗದ ಹುಡುಗಿ ಇಮೇಲ್‌ನಲ್ಲಿ ಬಂದ ಫೈಲ್ ತೆರೆದದ್ದರಿಂದಲೇ ಎಲ್ಲ ಆಯಿತು. ಅವಳನ್ನು ಕೆಲಸದಿಂದ ತೆಗೆಯಬೇಕು ಅಂತ ಮೇಲಿನವರು ಹೇಳುತ್ತಿದ್ದಾರೆ.

ಉತ್ತರ: ಬೇಡ. ಐರ್ಲೆಂಡಿನಲ್ಲೂ ಶುರುವಾದದ್ದು ಮಾರ್ಚ್ 18ರಂದು ಯಾರೋ ತೆರೆದ ಒಂದು ಎಕ್ಸೆಲ್ ಫೈಲಿನಿಂದ. ಮಾರ್ಚ್ 31ಕ್ಕೆ ಅದೇ ಕಂಪ್ಯೂಟರಿನಲ್ಲಿ ಕಳ್ಳರ ಸಲಕರಣೆಗಳನ್ನು ಆಂಟಿವೈರಸ್ ಕಂಡುಹಿಡಿದಿತ್ತು ಕೂಡ, ಆದರೆ ತಡೆಯದೆ ಬರೀ ನೋಡುವಂತೆ ಅದನ್ನು ಇಟ್ಟಿದ್ದರು, ಎಚ್ಚರಿಕೆಯ ಹಿಂದೆ ಯಾರೂ ಹೋಗಲಿಲ್ಲ. ಹಾಗಾಗಿ ಫೈಲ್ ತೆರೆದವರನ್ನು ಬಿಟ್ಟು, ಆಮೇಲಿನ ವಾರಗಳಲ್ಲಿ ಎಚ್ಚರಿಕೆಗಳನ್ನು ಯಾರು ನೋಡಬೇಕಿತ್ತು ಅಂತ ಕೇಳಿ. ಅವಳನ್ನು ತೆಗೆದರೆ ನಾಳೆ ಇನ್ನೊಬ್ಬರು ಅಂಥದ್ದೇ ಫೈಲ್ ತೆರೆದಾಗ ಫೋನ್ ಮಾಡುವುದಿಲ್ಲ, ಬಾಯಿ ಮುಚ್ಚಿಕೊಂಡು ಕಂಪ್ಯೂಟರ್ ಆಫ್ ಮಾಡಿ ಮನೆಗೆ ಹೋಗುತ್ತಾರೆ.

ಪ್ರಶ್ನೆ: ದುಡ್ಡು ಕೊಡದೆ ಫೈಲ್ ಬಿಡಿಸುವ ಉಚಿತ ಸಾಧನ ಸಿಗುತ್ತದಂತೆ, ನಿಜವೇ?

ಉತ್ತರ: ಕೆಲವು ಹಳೇ ಬಗೆಗಳಿಗೆ ಸಿಗುತ್ತದೆ. ಯುರೋಪೋಲ್, ಡಚ್ ಪೊಲೀಸರು ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ಶುರುಮಾಡಿದ ‘ನೋ ಮೋರ್ ರಾನ್ಸಮ್’ ತಾಣದಲ್ಲಿ ನೋಡಿ. ಅಲ್ಲಿ ನಿಮ್ಮ ಎನ್‌ಕ್ರಿಪ್ಟ್ ಆದ ಫೈಲೊಂದನ್ನು ಹಾಕಿದರೆ ಯಾವ ಬಗೆ ಅಂತ ಹೇಳುತ್ತದೆ. ರೋಗಿಯ ವಿವರ ಇಲ್ಲದ ಫೈಲ್ ಹಾಕಿ. ಸಾಧನ ಇಲ್ಲದಿದ್ದರೂ ಎನ್‌ಕ್ರಿಪ್ಟ್ ಆದ ಡಿಸ್ಕನ್ನು ಅಳಿಸಬೇಡಿ, ಎತ್ತಿಡಿ. ಪೊಲೀಸರು ಯಾವುದೋ ಗುಂಪನ್ನು ಹಿಡಿದಾಗ ಕೀಗಳು ಹೊರಗೆ ಬಂದದ್ದಿದೆ. ಎಂಥ ಎನ್‌ಕ್ರಿಪ್ಷನ್ ಆದರೂ ನಾವೇ ಒಡೆದುಕೊಡುತ್ತೇವೆ ಅಂತ ಯಾರಾದರೂ ಮುಂಗಡ ಕೇಳಿದರೆ ಮಾತ್ರ ದೂರ ಇರಿ. ಅಂಥವರಲ್ಲಿ ಕೆಲವರು ನಿಮ್ಮಿಂದ ಜಾಸ್ತಿ ತೆಗೆದುಕೊಂಡು ಕಳ್ಳರಿಗೇ ಗುಟ್ಟಾಗಿ ಕೊಟ್ಟು ಕೀ ತರುತ್ತಾರೆ.